ದೊಡ್ಡವ್ವನ ಕೈಗುಣ

ಹೋದ ವಾರ ಚಾಮರಾಜನಗರಕ್ಕೆ ಹೋಗುವ ಬಸ್ಸು ಸಂತೆಮರಹಳ್ಳಿಯಲ್ಲಿ ನಿಂತಾಗ ಒಬ್ಬ ಮುದುಕಿ ಹುರುಳಿ ಹೊಟ್ಟಿನ ಮೂಟೆ ಎಳೆದುಕೊಂಡು ಹತ್ತಿ ನನ್ನ ಪಕ್ಕದಲ್ಲೇ ಕೂತರು. ಮಡಿಲಲ್ಲಿದ್ದ ಮಗಳು ಸೀನಿದಳು. ಬಿಸಿಲು, ಧೂಳು, ಒಣಗಿದ ಕಾಯಿಯ ಒಗರು ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತೆರಕಣಾಂಬಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ನೆನಪಾದಳು...

ದೊಡ್ಡವ್ವ ಎಂದರೆ ರಕ್ತಸಂಬಂಧವೇನಲ್ಲ, ಬೀದಿಯ ಮಕ್ಕಳೆಲ್ಲ ಹಾಗೇ ಕರೆಯುತ್ತಿದ್ದೆವು. ಗಂಡ ತೀರಿಕೊಂಡಿದ್ದ. ಬಸಿರು ನಿಂತಾಗಲೆಲ್ಲ ಇಳಿದುಹೋಗಿ ಮಕ್ಕಳಾಗಿರಲಿಲ್ಲ. ಅವಳ ಕೈಗುಣವೇ ಸರಿಯಿಲ್ಲ ಎಂದು ಬೀದಿಯವರು ತೀರ್ಮಾನ ಮಾಡಿಬಿಟ್ಟಿದ್ದರು. ಬಾಣಂತಿ ಇರುವ ಮನೆಗೆ ಕರೆಯುತ್ತಿರಲಿಲ್ಲ, ಎಳೆಗೂಸನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ಯಾರಾದರೂ ಮಗು ಎತ್ತಿಕೊಂಡು ಎದುರಾದರೆ ಅವಳೇ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದಳು.

ಅವಳ ಸಂಸಾರವೆಂದರೆ ಆಡುಗಳು, ಜೊತೆಗೊಂದು ಬೆಕ್ಕು. ಬೆಕ್ಕು ಕೊಟ್ಟಿಗೆಯ ಮೂಲೆಯಲ್ಲಿದ್ದ ಹುರುಳಿ ಹೊಟ್ಟಿನ ಗುಡ್ಡೆಯಲ್ಲೇ ಮರಿ ಹಾಕುತ್ತಿತ್ತು. ಮರಿ ಹಾಕಿದ ಬೆಕ್ಕನ್ನು ನಮ್ಮ ಬೀದಿಯಲ್ಲಿ ಯಾರೂ ಎಬ್ಬಿಸುತ್ತಿರಲಿಲ್ಲ, ಅದೂ ಬಾಣಂತಿಯೇ ಅಲ್ಲವೇ. ಮನುಷ್ಯರ ಬಾಣಂತನಕ್ಕೆ ಯಾರೂ ಕರೆಯದ ದೊಡ್ಡವ್ವ ಬೆಕ್ಕಿನದನ್ನಾದರೂ ಮನಸಾರೆ ಮಾಡುತ್ತಿದ್ದಳು. ಅದಕ್ಕೆ ಹಾಲು ಹುಯ್ದು, ಅದೇ ಗುಡ್ಡೆಯ ಇನ್ನೊಂದು ಮಗ್ಗುಲಿಂದ ಹೊಟ್ಟು ತೆಗೆದು ಗಬ್ಬದ ಆಡುಗಳಿಗೆ ಹಾಕುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಆಡುಗಳು ಒಂದರ ಹಿಂದೆ ಒಂದು ಕಂದು ಹಾಕಿದವು. ಇನ್ನೇನು ಈಯಬೇಕಾಗಿದ್ದವು, ದಿನ ತುಂಬದ ಸತ್ತ ಮರಿಗಳನ್ನು ಹಾಕಿ ಸುಮ್ಮನೆ ನಿಂತುಬಿಟ್ಟವು. ಬೀದಿಗೆ ಅಷ್ಟು ಸಾಕಾಗಿತ್ತು.

"ಅವ್ಳ್ ಕೈ ಆಡ್ನೂ ಬುಡ್ನಿಲ್ಲ ನೋಡು" ಎಂದು ನಲ್ಲಿಯ ಹತ್ತಿರ ಒಬ್ಬಳು ಹೇಳಿದಳು. ದೊಡ್ಡವ್ವನಿಗೆ ಕೇಳಿಸಲಿ ಎಂದೇ ಹೇಳಿದ್ದು. ದೊಡ್ಡವ್ವ ಅರ್ಧ ತುಂಬಿದ್ದ ಬಿಂದಿಗೆಯನ್ನೇ ಎತ್ತಿಕೊಂಡು ನನ್ನ ಹತ್ತಿರ ಬಂದಳು.

"ಎಲ್ಲಾನೂ ಮಾರ್‌ಬುಡ್ತೀನಿ ಕಣಮ್ಮಿ. ನನ್ ಕೈಲಿ ಯಾವ್ ಜೀವಾನೂ ಉಳಿಯಲ್ಲ" ಎಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಅಪ್ಪ ದನದ ಡಾಕ್ಟರನ್ನು ಕರೆತಂದರು. ಅವರು ಕೈಗವಸು ಹಾಕಿಕೊಂಡು, ಸತ್ತ ಮರಿಯಿಂದ ಏನನ್ನೋ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಕೊಟ್ಟಿಗೆಗೆ ಬಂದು ಹೊಟ್ಟಿನ ಗುಡ್ಡೆಯನ್ನೇ ತೋರಿಸಿದರು. ಆ ಹೊಟ್ಟಿನಲ್ಲಿ ಬೆರೆತ ಬೆಕ್ಕಿನ ಹೇಲಿನಲ್ಲಿ ಕಣ್ಣಿಗೆ ಕಾಣದ ಒಂದು ಪರಾವಲಂಬಿ ಇರಬಹುದಂತೆ, ಅದು ಮೇವಿನ ಜೊತೆ ಗಬ್ಬದ ಆಡಿನ ಹೊಟ್ಟೆ ಸೇರಿದರೆ ಮರಿ ಉಳಿಯುವುದು ಕಷ್ಟವಂತೆ.

"ಹೊಟ್ಟು ಮುಚ್ಚಿಡಿ. ಆಡುಗಳನ್ನ ಮಾರಬೇಡಿ, ಒಂದ್ಸಲ ಈ ರೋಗ ಬಂದು ಹೋದ್ರೆ ಸಾಮಾನ್ಯವಾಗಿ ಮತ್ತೆ ಕಾಡಲ್ಲ" ಎಂದರು.

ದೊಡ್ಡವ್ವ ಮೆಲ್ಲಗೆ ಕೇಳಿದಳು, "ಹೆಂಗುಸ್ರಿಗೂ ಇಂಗೇ ಆಯ್ತದಾ ಸಾ?"

"ಆಗಬಹುದಮ್ಮ. ಬೇರೆ ಕಾರಣಾನೂ ನೂರೆಂಟಿರ್ತವೆ. ನಿಮಗೇನಾಗಿತ್ತು ಅಂತ ಈಗ ಹೇಳಕ್ಕಾಗಲ್ಲ."

ಅವರು ಹೋದ ಮೇಲೆ ದೊಡ್ಡವ್ವ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಏನಾರ ಆಗಿರ್ಲಿ, ನನ್ ಕೈಯಲ್ಲ ಕಣಮ್ಮಿ" ಎಂದಳು. ಆಗ ಅತ್ತಳು.

ಬೆಕ್ಕಿನ ಮೇಲೆ ಅವಳು ಕೋಪ ಮಾಡಿಕೊಳ್ಳಲಿಲ್ಲ. "ಅದ್ಕೇನ್ ಗೊತ್ತು ಪಾಪ" ಎನ್ನುತ್ತ ಮರಿಗಳ ಸಮೇತ ಹಳೇ ಸೀರೆಯಲ್ಲಿ ಎತ್ತಿ ಮನೆಯೊಳಗೆ ಮಲಗಿಸಿದಳು. ಆ ಹೊಟ್ಟನ್ನೆಲ್ಲ ಗುಂಡಿ ತೋಡಿ ಹೂತು, ಹೊಸದನ್ನು ತಂದು ಟಾರ್ಪಾಲು ಹೊದಿಸಿ ಸುತ್ತ ಕಲ್ಲು ಹೇರಿದಳು.

ಮರುವರ್ಷ ಆಡು ಈಯಿತು. ಹಸಿ ಮರಿಯನ್ನು ಕಣ್ಣು ಬೀಳುತ್ತದೆಂದು ಯಾರಿಗೂ ತೋರಿಸುವುದಿಲ್ಲ. ದೊಡ್ಡವ್ವ ಅದನ್ನು ಎದೆಗೆ ಅವುಚಿಕೊಂಡು ಬೀದಿಯ ಪ್ರತಿ ಬಾಗಿಲಿಗೂ ಹೋದಳು. "ನೋಡ್ರವ್ವ, ನಾನೇ ಈಯಿಸ್ದಿ" ಎಂದಳು. ಜನ ಮರಿ ಗಂಡೋ ಹೆಣ್ಣೋ ಕೇಳಿದರು, ಚೆನ್ನಾಗದೆ ಎಂದರು, ಒಳಗೆ ಹೋದರು. ಅದೇ ತಿಂಗಳು ಎದುರು ಮನೆಯಲ್ಲಿ ಮಗುವಿಗೆ ಹೆಸರಿಟ್ಟರು. ಅವಳನ್ನು ಕರೆಯಲಿಲ್ಲ. ಸಂಜೆಯವರೆಗೂ ಅವಳು ತೊಳೆದ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದಳು... ಡಾಕ್ಟರ ಮಾತು ಆಡುಗಳಿಗೆ ಸಾಕಾಯಿತು, ನಮ್ಮ ಬೀದಿಗೆ ಸಾಕಾಗಲಿಲ್ಲ.

ನನ್ನ ಮದುವೆಗೆ ಮುಂಚೆಯೇ ದೊಡ್ಡವ್ವ ತೀರಿಕೊಂಡಳು. ಆಡುಗಳನ್ನು ನೆಂಟರು ಹೊಡೆದುಕೊಂಡು ಹೋದರು. ಮಗಳು ಹುಟ್ಟಿದಾಗ, ದೊಡ್ಡವ್ವ ಇದ್ದಿದ್ದರೆ ಮೊದಲು ಇವಳನ್ನು ಅವಳ ಕೈಗೇ ಕೊಡುತ್ತಿದ್ದೆ ಎಂದು ನೆನೆದು ಒಬ್ಬಳೇ ಅತ್ತಿದ್ದೆ.

ಬಸ್ಸಿನಲ್ಲಿ ಕಂಡಕ್ಟರ್ ಬಂದರು. ಆಧಾರ್ ಕಾರ್ಡಿಗಾಗಿ ಒಂದೇ ಕೈಯಲ್ಲಿ ಬ್ಯಾಗು ತಡಕಾಡುತ್ತಿದ್ದೆ. ಪಕ್ಕದ ಮುದುಕಿ ಹೊಟ್ಟಿನ ಧೂಳು ಮೆತ್ತಿದ ಕೈಗಳನ್ನು ಸೀರೆಗೆ ಒರೆಸಿಕೊಂಡು ಚಾಚಿದರು. "ಕೂಸ ಇತ್ತಾಗ್ ಕೊಡವ್ವ, ನೀನ್ ಟಿಕೇಟ್ ತಕ್ಕೊ."

ಕೊಟ್ಟೆ. ಅಷ್ಟೇ ಕೆಲಸ ಅದು. ಟಿಕೆಟ್ ತೆಗೆದುಕೊಂಡ ಮೇಲೂ ಚಾಮರಾಜನಗರ ಬರುವ ತನಕ ನಾನು ಮಗಳನ್ನು ವಾಪಸು ಕೇಳಲಿಲ್ಲ.