ಡಸ್ಟಿ ನೀವು ಹೇಳಿದಷ್ಟಿಲ್ಲ, ಕ್ಯಾರಲ್

ಪಕ್ಕದ ಮನೆಯ ಕ್ಯಾರಲ್ ತನ್ನ ಗರಾಜಿನ ಗೋಡೆಗೆ, ನಾವಾದರೆ ದೇವರ ಪಟ ಹಾಕುವ ಎತ್ತರದಲ್ಲಿ, ಜಜ್ಜಿಹೋದ ಕಾರಿನ ತಗಡೊಂದನ್ನು ನೇತುಹಾಕಿದ್ದಾಳೆ. ಅಮೆರಿಕದ ಈ ಟ್ರಾಯ್ ಊರಿಗೆ ಬಂದ ಮೊದಲ ಬೇಸಿಗೆಯಲ್ಲಿ ಅದನ್ನು ಕಂಡು, ಪಾಪ, ಯಾರೋ ತೀರಿಕೊಂಡ ಅಪಘಾತದ ನೆನಪಿರಬೇಕು ಎಂದುಕೊಂಡು ದನಿ ತಗ್ಗಿಸಿ ‘ಐ ಆಮ್ ಸಾರಿ’ ಎಂದೆ. ಆಕೆ ಹೊಟ್ಟೆ ಹಿಡಿದು ನಕ್ಕಳು. ಅದು ಡಸ್ಟಿಯ ಕಾರಿನ ತಗಡಂತೆ. ಗೋಡೆಗೆ ಗುದ್ದಿದ ಮೇಲೂ ಅವನು ಗೆದ್ದ ರೇಸಿನದ್ದಂತೆ. ಹುಟ್ಟುಹಬ್ಬಕ್ಕೆ ತನಗೆ ತಾನೇ ಕೊಂಡುಕೊಂಡ ಉಡುಗೊರೆಯಂತೆ.

ಡಸ್ಟಿ ಸ್ಟಾಕ್ ಕಾರ್ ಓಡಿಸುವವನು. ಸ್ಟಾಕ್ ಕಾರ್ ನೋಡಲು ರಸ್ತೆಯ ಕಾರಿನ ಹಾಗೇ ಇರುತ್ತದೆ, ಆದರೆ ಅದಕ್ಕೆ ತೆರೆಯುವ ಬಾಗಿಲಿಲ್ಲ, ಹೆಡ್‌ಲೈಟಿನ ಜಾಗದಲ್ಲಿ ಬರೀ ಸ್ಟಿಕ್ಕರ್. ಚಾಲಕ ಕಿಟಕಿಯಿಂದ ಒಳಗೆ ತೂರಿಕೊಳ್ಳುತ್ತಾನೆ. ಆಮೇಲೆ ಮೊಟ್ಟೆಯಾಕಾರದ ಹಾದಿಯಲ್ಲಿ ಮಧ್ಯಾಹ್ನವಿಡೀ ಎಡಕ್ಕೆ ತಿರುಗುತ್ತ ಸುತ್ತುವುದೇ ಆಟ. ಡಸ್ಟಿಯ ಮುಖ ಇಲ್ಲಿ ಸೋಡಾ ಕ್ಯಾನಿನ ಮೇಲಿದೆ, ಚಿಪ್ಸ್ ಪ್ಯಾಕೆಟ್ಟಿನ ಮೇಲಿದೆ. ಪೆಟ್ರೋಲ್ ಬಂಕಿನ ಬಾಗಿಲಲ್ಲಿ ಅವನ ಆಳೆತ್ತರದ ರಟ್ಟಿನ ಪ್ರತಿಮೆ ನಿಂತಿದೆ.

ಮೈಸೂರಿನಲ್ಲಿ ನಮ್ಮ ಬದುಕಿನ ಅರ್ಧ ಮಾತು ಕಾಂಪೌಂಡ್ ಗೋಡೆಯ ಮೇಲೆ ಕೈಯೂರಿಕೊಂಡೇ ಆಗುತ್ತಿತ್ತು. ಇಲ್ಲಿ ಕಾಂಪೌಂಡೇ ಇಲ್ಲ. ಹುಲ್ಲು ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ತಡೆಯಿಲ್ಲದೆ ಹರಿಯುತ್ತದೆ, ಮನುಷ್ಯರು ಮಾತ್ರ ದಾಟುವುದಿಲ್ಲ. ಭಾನುವಾರ ಮಧ್ಯಾಹ್ನ ಒಂದು ಕುಕ್ಕರಿನ ಸೀಟಿಯೂ ಕೇಳದ ಬೀದಿ. ಯಜಮಾನರು ಕಾರಿನ ಬಿಡಿಭಾಗ ಮಾಡುವ ಕಂಪನಿಯವರು, ವಾರವಿಡೀ ದುಡಿದು ಆ ಹೊತ್ತಿಗೆ ಮಲಗಿಬಿಡುತ್ತಾರೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಡ್ರೈವಿಂಗ್ ಆಗ ಬರುತ್ತಿರಲಿಲ್ಲ. ಬೀದಿಯಲ್ಲಿ ತೆರೆದಿರುತ್ತಿದ್ದದ್ದು ಒಂದೇ ಬಾಗಿಲು, ಕ್ಯಾರಲ್‌ಳ ಗರಾಜಿನದು. ಒಳಗೆ ಟಿವಿ, ಮಡಚುವ ಕುರ್ಚಿಗಳು, ರೇಸಿನ ಗದ್ದಲ.

ಕಾರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದವಳು ಆಕೆ. ನನಗಿಂತ ಬಹಳ ಹಿರಿಯಳು, ಆದರೆ ಆಂಟಿ ಎಂದರೆ ಸಿಟ್ಟು, ಕ್ಯಾರಲ್ ಎಂದೇ ಕರೆಯಬೇಕು. ವಸುಧಾ ಎನ್ನಲಾಗದೆ ನನ್ನನ್ನು ವಾಸು ಮಾಡಿದಳು. ಅದು ನಮ್ಮ ಮಾವನವರ ಹೆಸರು ಎಂದು ಇಂದಿಗೂ ಹೇಳಿಲ್ಲ. ನನ್ನನ್ನು ಲೈಬ್ರರಿಗೆ, ತರಕಾರಿಗೆ ಕರೆದೊಯ್ದವಳು, ಹಿಮದಲ್ಲಿ ನಡೆಯಲು ಯಾವ ಬೂಟು ಬೇಕೆಂದು ತೋರಿಸಿದವಳು, ಕೊನೆಗೆ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಕಾರು ಕಲಿಸಿದವಳು ಆಕೆಯೇ. ಪ್ರತಿ ಭಾನುವಾರ ಆಕೆ ಕೇಳುತ್ತಿದ್ದಳು: “ಡಸ್ಟಿ ಥರ ಯಾರಿದಾರೆ ಹೇಳು?” ನಾನು ಪ್ರತಿ ಭಾನುವಾರ ‘ವೆರಿ ನೈಸ್’ ಎನ್ನುತ್ತಿದ್ದೆ.

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ನಯ ಅದು, ಸ್ವಲ್ಪ ಭಯವೂ ಹೌದು. ವೀಸಾದ ಮೇಲೆ ಬದುಕುವ ನಾವು ಎಲ್ಲದಕ್ಕೂ ಚೆನ್ನಾಗಿದೆ ಅನ್ನುತ್ತೇವೆ. ಇಲ್ಲಿನವರ ಉಪ್ಪಿಲ್ಲದ ಸೂಪಿಗೂ, ಅವರ ಚಳಿಗೂ, ಅವರ ವೀರರಿಗೂ. ನಮ್ಮ ತಂದೆ ಮತ್ತು ಎದುರು ಮನೆಯ ಮೇಷ್ಟ್ರು ಒಬ್ಬ ಬ್ಯಾಟ್ಸ್‌ಮನ್ನಿಗಾಗಿ ಗಂಟಲು ಹರಿಯುವಂತೆ ವಾದಿಸಿ, ಅದೇ ಸಂಜೆ ಒಟ್ಟಿಗೆ ವಾಕಿಂಗ್ ಹೋಗುತ್ತಿದ್ದರು. ಇಲ್ಲಿ ನಾನು ವಾದಿಸಿದರೆ ಸಂಜೆ ಜೊತೆಗೆ ನಡೆಯುವವರು ಇನ್ಯಾರೂ ಇಲ್ಲ.

ಕಳೆದ ಬೇಸಿಗೆಯಲ್ಲಿ ಕ್ಯಾರಲ್ ನನ್ನನ್ನು ನಿಜವಾದ ರೇಸಿಗೇ ಕರೆದೊಯ್ದಳು. ತೊಂಬತ್ತು ಮೈಲಿಯ ದಾರಿ. ಯಜಮಾನರು, “ಕಿವಿಗೆ ಹತ್ತಿ ಇಟ್ಕೊಂಡ್ಹೋಗು, ಬಂದ್ಮೇಲೆ ನಾನ್ ಮಾತಾಡಿದ್ದು ಕೇಳ್ಬೇಕಲ್ಲ” ಎಂದರು. ಚಿತ್ರಾನ್ನ ಕಟ್ಟಿಕೊಂಡು ಹೋದೆ. ಕಾರುಗಳು ಒಟ್ಟಿಗೆ ಹಾದಾಗ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯಿತು.

ಅಲ್ಲೊಂದು ಪದ್ಧತಿಯಿದೆ. ಸ್ಕ್ಯಾನರ್ ಎಂಬ ಸಣ್ಣ ರೇಡಿಯೊ ಬಾಡಿಗೆಗೆ ಸಿಗುತ್ತದೆ. ಅದನ್ನು ಕಿವಿಗೆ ಹಾಕಿಕೊಂಡರೆ ಚಾಲಕನೂ ಅವನ ತಂಡವೂ ಆಡುವ ಮಾತನ್ನು ನೇರವಾಗಿ ಕೇಳಬಹುದು. ಕ್ಯಾರಲ್‌ಳ ಬೆನ್ನು ನೋವಿಗೆ ಪ್ರತಿಸಲ ಎದ್ದು ನಿಲ್ಲುವುದು ಕಷ್ಟ, ಅವಳ ಕಣ್ಣು ದೊಡ್ಡ ಪರದೆಯ ಮೇಲಿತ್ತು. ನಾನು ಪಿಟ್ ನೋಡುತ್ತಿದ್ದೆ. ಪಿಟ್ ಎಂದರೆ ಕಾರುಗಳು ಟೈರು ಬದಲಿಸಲು ಬಂದು ನಿಲ್ಲುವ ಓಣಿ. ಉದ್ದ ಕೋಲಿಗೆ ಕಟ್ಟಿದ ಫಲಕವನ್ನು ಒಬ್ಬ ಗೋಡೆಯಾಚೆಯಿಂದ ಚಾಚಿ ಹಿಡಿಯುತ್ತಾನೆ, ಕಾರಿನ ಮೂತಿ ಅಲ್ಲಿಗೆ ಬಂದು ನಿಲ್ಲಬೇಕು. ಡಸ್ಟಿಯ ಕಾರು ಫಲಕವನ್ನು ದಾಟಿ ಜಾರಿತು. ಹುಡುಗರು ಟೈರು ಕೆಳಗಿಟ್ಟು, ಮುಂದಕ್ಕೆ ಓಡಿ, ಕಾರನ್ನು ಕೈಯಿಂದ ಹಿಂದಕ್ಕೆ ತಳ್ಳಿದರು. ಅಷ್ಟರಲ್ಲಿ ಎಷ್ಟೋ ಕಾರುಗಳು ಮುಂದೆ ಹೋದವು. ಕಿವಿಯಲ್ಲಿ ಡಸ್ಟಿ ಬೈಯುತ್ತಿದ್ದ: “ನಿದ್ದೆ ಮಾಡ್ತಿದೀರಾ ಎಲ್ಲಾ?” ತಂಡದ ಮುಖ್ಯಸ್ಥ ತಣ್ಣಗೆ, “ಸರಿ, ಮುಂದೆ ನೋಡ್ಕೊಂಡ್ ಹೋಗು” ಎಂದ. ಮುಂದಿನ ಸಲವೂ ಹಾಗೇ ಜಾರಿದ, ಹಾಗೇ ಬೈದ.

ಆದರೆ ಕೊನೆಯ ಸುತ್ತುಗಳಲ್ಲಿ ಅವನು ಓಡಿಸಿದ್ದನ್ನೂ ನೋಡಿದೆ. ಎಲ್ಲರೂ ಅಂಜಿ ಬಿಟ್ಟುಕೊಟ್ಟ ಗೋಡೆಯ ಅಂಚಿನಲ್ಲಿ, ಅಂಗೈ ಅಗಲದ ಸಂದಿಯಲ್ಲಿ, ಒಬ್ಬೊಬ್ಬರನ್ನೇ ದಾಟಿ ಬಂದ. ಸಾಲಲಿಲ್ಲ. ಬಹುಮಾನದ ಹತ್ತಿರಕ್ಕೂ ಸುಳಿಯಲಿಲ್ಲ.

“ಆ ಪಿಟ್ ಹುಡುಗರು ಅವನ ರೇಸು ಹಾಳು ಮಾಡಿದರು,” ಎಂದಳು ಕ್ಯಾರಲ್. ಹಿಂದಿನ ಸಾಲಿನ ಗಡ್ಡದವನು ಹೌದೆಂದು ತಲೆಯಾಡಿಸಿದ. “ಅಲ್ವಾ ವಾಸು?” ಎಂದು ಕ್ಯಾರಲ್ ನನ್ನನ್ನು ಕೇಳಿದಳು.

ಬಾಯಿಗೆ ಬಂದದ್ದು ‘ಅಲ್ಲ’.

“ಡಸ್ಟಿ ನೀವು ಹೇಳಿದಷ್ಟಿಲ್ಲ, ಕ್ಯಾರಲ್. ತಪ್ಪು ಜಾಗದಲ್ಲಿ ನಿಂತದ್ದು ಅವನು, ಬೈಸಿಕೊಂಡದ್ದು ಅವರು. ಎರಡು ಸಲ.”

ಗಡ್ಡದವನು ನಕ್ಕ. “ಹನಿ, ಅವನು ಐದು ವರ್ಷದವನಿದ್ದಾಗಿಂದ ಓಡಿಸ್ತಾ ಇದಾನೆ.”

“ನಿಲ್ಲಿಸೋದನ್ನೂ ಅಷ್ಟೊತ್ತಿಗೆ ಕಲೀಬಹುದಿತ್ತು,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಕ್ಯಾರಲ್ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ವಾಪಸಿನ ತೊಂಬತ್ತು ಮೈಲಿಯೂ ಆಕೆ ಕಾರಿನ ರೇಡಿಯೊ ಜೋರಾಗಿ ಹಾಕಿಕೊಂಡೇ ಓಡಿಸಿದಳು. ನಾನು ಸಾರಿ ಹೇಳಲಿಲ್ಲ.

ಮುಂದಿನ ಭಾನುವಾರ ಗರಾಜಿನ ಬಾಗಿಲು ಇಳಿದಿತ್ತು. ಆ ಸಂಜೆ ದಾವಣಗೆರೆಯ ಶಬಾನಾಳ ಮನೆಯಲ್ಲಿ ನಾಲ್ಕಾರು ಕನ್ನಡದವರ ಊಟವಿತ್ತು. ಸುದ್ದಿ ಅಲ್ಲಿಗೆ ಮೊದಲೇ ತಲುಪಿತ್ತು.

“ಅಲ್ಲಕ್ಕಾ, ಕಾರು ಸುತ್ತೋದ್ ನೋಡಾಕೆ ಕಾರಾಗೆ ಅಷ್ಟ್ ದೂರ ಹೋಗಿದ್ರಂತೆ?” ಶಬಾನಾ ಬಿರಿಯಾನಿ ಬಡಿಸುತ್ತ ಕೆಣಕಿದಳು.

ಯಜಮಾನರ ಸಹೋದ್ಯೋಗಿ ಗಿರೀಶ್, “ಅದೇನ್ ಆಟ ರೀ, ಬರೀ ಲೆಫ್ಟ್ ಟರ್ನ್. ಆ ಡಸ್ಟಿ ಫುಲ್ ಹೈಪ್. ಸೋಡಾ ಮಾರೋಕೆ ಇಟ್ಕೊಂಡಿದಾರೆ” ಎಂದರು.

ನಾನು ತಟ್ಟೆ ಕೆಳಗಿಟ್ಟೆ. “ನೀವು ಅವನು ಓಡಿಸೋದು ನೋಡಿದೀರಾ ಗಿರೀಶ್? ಒಂದಿಡೀ ರೇಸು?”

“ಇಲ್ಲ, ಆದ್ರೂ...”

“ನಾನು ನೋಡಿದೀನಿ. ಅವನಿಗೆ ದುಡುಕು ಜಾಸ್ತಿ, ತಪ್ಪು ಒಪ್ಪಿಕೊಳ್ಳೋ ಗುಣ ಇಲ್ಲ. ಆದ್ರೆ ಆ ಗೋಡೆ ಪಕ್ಕದಲ್ಲಿ ಅವನಷ್ಟು ಗಟ್ಟಿ ಕೈ ಇನ್ನೊಂದಿಲ್ಲ. ಪೂರಾ ನೋಡಿ, ಆಮೇಲೆ ಬೈರಿ. ನಾನೂ ಬೈತೀನಿ.”

ಶಬಾನಾ ನನ್ನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ವಾಪಸು ಬರುವಾಗ ಯಜಮಾನರು, “ಅಲ್ಲ ಕಣೇ, ನೀನು ಡಸ್ಟಿ ಕಡೇನೋ ಅಲ್ವೋ?” ಎಂದರು. ಪಕ್ಕದ ಮನೆಯವಳು ನನ್ನನ್ನು ಅವನ ವೈರಿ ಎಂದುಕೊಂಡಿದ್ದಾಳೆ, ನಮ್ಮವರು ನನ್ನನ್ನು ಅಮೆರಿಕನ್ ಆಗಿಹೋದಳು ಎಂದುಕೊಂಡಿದ್ದಾರೆ.

ಅದರ ಮುಂದಿನ ಭಾನುವಾರ ಗರಾಜಿನ ಬಾಗಿಲು ಅರ್ಧ ಮೇಲೆದ್ದಿತ್ತು. ಇಲ್ಲಿ ಮೆಸೇಜು ಮಾಡದೆ ಯಾರ ಮನೆಗೂ ಹೋಗುವುದಿಲ್ಲ. ನಾನು ಮೈಸೂರಿನವರ ಹಾಗೆ, ಹೇಳದೆ ಕೇಳದೆ, ತಲೆ ಬಗ್ಗಿಸಿ ಒಳಗೆ ಹೋಗಿ ಕೂತೆ. ಕ್ಯಾರಲ್ ತಿರುಗಿ ನೋಡಲಿಲ್ಲ, ಎದ್ದು ಹೋಗೆಂದೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ ಡಸ್ಟಿ ಪಿಟ್‌ಗೆ ಬಂದ. ನಾವಿಬ್ಬರೂ ಒಟ್ಟಿಗೇ ಮುಂದಕ್ಕೆ ಬಾಗಿದೆವು. ಕಾರಿನ ಮೂತಿ ಫಲಕಕ್ಕೆ ತಾಗಿ, ಕೂದಲೆಳೆಯಷ್ಟೂ ದಾಟದೆ ನಿಂತಿತು.

“ಈಗೇನಂತೀಯ?” ಎಂದಳು ಕ್ಯಾರಲ್.

“ಇದು ಒಂದು ಸಲ,” ಎಂದೆ.

ಆಕೆ ಕೊನೆಗೂ ನನ್ನತ್ತ ತಿರುಗಿದಳು. “ನಿಮ್ಮೂರಲ್ಲಿ ಎಲ್ಲಾ ಹೆಂಗಸರೂ ಹೀಗೇನಾ?”

“ಇಲ್ಲ ಕ್ಯಾರಲ್,” ಎಂದೆ. “ನಮ್ಮೂರಲ್ಲಿ ನನ್ನನ್ನು ಬಹಳ ಸಾಧು ಅಂತಾರೆ.”

ಆಕೆ ನಗು ತಡೆದುಕೊಂಡು ಟಿವಿಯ ಸದ್ದು ಹೆಚ್ಚಿಸಿದಳು. ಈ ಸಲ ನಾನು ಊರಿಗೆ ಬಂದಾಗ ಆ ಸಾಧು ಎಂಬ ಮಾತು ಇನ್ನೂ ನಿಜವೋ ಎಂದು ಊರಿನವರಾದ ನೀವೇ ನೋಡಿ ಹೇಳಬೇಕು.