ಉಜ್ಜಿಹೋಗಲೆಂದೇ ಬರೆದ ಮೀನು

ಮಂಗಳವಾರ, ಬೆಳಗಿನ ಐದೂವರೆ. ಆಕ್ರಾದ ಜೇಮ್ಸ್‌ಟೌನ್ ದಡದಲ್ಲಿ ದೋಣಿಗಳೆಲ್ಲ ಮರಳ ಮೇಲೇ ಮಲಗಿವೆ. ಇಲ್ಲಿನ ಕಟ್ಟಳೆಯಂತೆ ಮಂಗಳವಾರ ಯಾರೂ ಕಡಲಿಗೆ ಇಳಿಯುವಂತಿಲ್ಲ. ಕಡಲಿಗೂ ವಾರಕ್ಕೊಂದು ರಜೆ ಬೇಡವೇ? ಮೀನು ಇಳಿಸುವ ಸಿಮೆಂಟು ಕಟ್ಟೆ ಖಾಲಿಯಿರುವುದರಿಂದ ಸ್ಕೇಟ್‌ಬೋರ್ಡ್ ಆಡುವವರಿಗೆ ಇದೇ ಹಬ್ಬದ ದಿನ. ಕಟ್ಟೆಯ ಪಕ್ಕದ ತಗಡಿನ ಮಾಡಿನಡಿ ಲಾಮಿಲೇ ಕೋಟೇ ಒಂದು ಸ್ಕೇಟ್‌ಬೋರ್ಡ್ ಹಲಗೆಯನ್ನು ಬೋರಲು ಹಾಕಿಕೊಂಡು, ಅದರಡಿಯ ಚಿತ್ರವನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದಾರೆ. ಬಣ್ಣ ಅಂಟಬಾರದು.

"ಒಂಬತ್ತು ದಿನ ಒಣಗಿಸಿದೀನಿ. ಆದ್ರೂ ನಂಬೋಕಾಗ್ತಿಲ್ಲ," ಅನ್ನುತ್ತಾರೆ.

ಲಾಮಿಲೇಗೆ ಮೂವತ್ತೊಂದು ವರ್ಷ. ಈ ಊರಿನ ಹುಡುಗರ ಅಂಗಿಗಳ ಮೇಲಿನ ಹಲ್ಲು ಕಿರಿಯುವ ಏಡಿ, ಟೋಪಿ ಹಾಕಿದ ಸೀಗಡಿ ಎಲ್ಲ ಇವರ ಕೈಯವು. ದಿನಕ್ಕೆ ಮೂವತ್ತು ಅಂಗಿಗಳಿಗೆ ಅಚ್ಚು ಹಾಕುತ್ತಾರೆ. ತೊಟ್ಟವರಿಗೆ ಮಾರಿದ ಅಂಗಡಿಯ ಹೆಸರು ಗೊತ್ತು, ಬರೆದವರ ಹೆಸರು ಗೊತ್ತಿಲ್ಲ. ಇವರ ಬಗ್ಗೆ ಬರೆಯಲು ಬಂದ ನನಗೆ ಇದು ಸಂಕಟ. ಅವರಿಗೆ ಏನೂ ಅನ್ನಿಸುವುದಿಲ್ಲ. "ಅಂಗಿ ಬಿಡಿ, ಮಲಗೋವಾಗ್ಲೂ ಹಾಕ್ಕೋತಾರೆ. ಹಲಗೆ ಹಂಗಲ್ಲ. ಅದ್ರ ಮೇಲೆ ಪ್ರಾಣ ನಿಂತಿರುತ್ತೆ."

ಕುಂಚ ಹಿಡಿಯಲು ಕಲಿಸಿದ್ದು ಅಪ್ಪ. ಅತಾ ಕೋಟೇ ನಲವತ್ತು ವರ್ಷ ದೋಣಿಗಳಿಗೆ ಬಣ್ಣ ಬಳಿದವರು. ಮೂರು ಪದರ, ದಪ್ಪಗೆ. ಉಪ್ಪುನೀರು ತಿಂದರೂ ಬಿಡಬಾರದು. ಮಗಳು ಹಲಗೆಗೂ ಹಾಗೇ ಮೂರು ಪದರ ಬಳಿದರು. ಎಡವಿದ್ದು ಅಲ್ಲೇ. ಆಡುವವರು ಜಿಗಿದಾಗ ಹಲಗೆಯ ನಡುಭಾಗ ಕಟ್ಟೆಯಂಚಿನ ಕಬ್ಬಿಣದ ಕಂಬಿಯ ಮೇಲೆ ಜಾರಬೇಕು. ಬಿಸಿಲಿಗೆ ಮೆದುವಾದ ದಪ್ಪ ಬಣ್ಣ ಕಂಬಿಯನ್ನು ಕಚ್ಚಿಕೊಂಡಿತು. ಹಲಗೆ ನಿಂತಿತು, ಮೇಲಿದ್ದ ಅಯೋರ್ಕೋರ್ ಎಂಬ ಹುಡುಗಿ ಹಾರಿಬಿದ್ದು ಮಣಿಕಟ್ಟು ಮುರಿದುಕೊಂಡಳು.

ಯಾರೂ ಬೈಯಲಿಲ್ಲ. ಆದರೆ ಮೂರು ತಿಂಗಳು ಒಂದು ಹಲಗೆಯೂ ಇವರ ಮಾಡಿಗೆ ಬರಲಿಲ್ಲ. ಮೊದಲು ವಾರಕ್ಕೆ ನಾಲ್ಕು ಬರುತ್ತಿದ್ದವು. "ಬೈದಿದ್ರೆ ಚೆನ್ನಾಗಿತ್ತು," ಅನ್ನುತ್ತಾರೆ ಲಾಮಿಲೇ. ಕೊನೆಗೆ ಹೊಸ ಹಲಗೆ ತಂದು ಮುಂದಿಟ್ಟವಳು ಅದೇ ಅಯೋರ್ಕೋರ್. ಈ ಸಲ ಒಂದೇ ಪದರ, ತೆಳ್ಳಗೆ, ಒಂದು ಕೆಂಪು ಮೀನು. ಇವತ್ತೂ ಜಾರದಿದ್ದರೆ ಇನ್ನೆಂದೂ ಹಲಗೆ ಮುಟ್ಟುವುದಿಲ್ಲ ಎಂದು ಲಾಮಿಲೇ ತೀರ್ಮಾನಿಸಿದ್ದಾರೆ.

ಆರೂವರೆಗೆ ಅಯೋರ್ಕೋರ್ ಬರುತ್ತಾಳೆ. ಕೈಯಲ್ಲಿ ಬಿಸಿ ಗಂಜಿ ತುಂಬಿದ ಪ್ಲಾಸ್ಟಿಕ್ ಚೀಲ, ಅದರ ಮೂಲೆ ಕಚ್ಚಿ ಹೀರುತ್ತಿದ್ದಾಳೆ.

"ಅಕ್ಕಾ, ಈ ಮೀನು ಕಚ್ಚಲ್ಲ ತಾನೆ?"

"ಕಚ್ಚಿದ್ರೆ ನನ್ ಕೈ ಮುರಿ."

"ನಿನ್ ಕೈ ಮುರಿದ್ರೆ ಬರೆಯೋರ್ ಯಾರು? ಸುಮ್ನಿರು."

ಅಯೋರ್ಕೋರ್ ಹಲಗೆ ಹತ್ತಿದ್ದೇ ಕಟ್ಟೆಯಲ್ಲಿ ಹನ್ನೆರಡು ಮಂದಿ ಆಟ ನಿಲ್ಲಿಸಿ ನೋಡುತ್ತಾರೆ. ಪಕ್ಕದಲ್ಲೇ ಬಲೆ ಹೊಲಿಯುತ್ತಿದ್ದ ಅಪ್ಪ ಅತಾ ಕೋಟೇ ಕೂಡ ತಲೆ ಎತ್ತುತ್ತಾರೆ. ಲಾಮಿಲೇ ಮಾತ್ರ ಕಡಲಿನ ಕಡೆಗೆ ತಿರುಗಿ ನಿಂತಿದ್ದಾರೆ. ಚಕ್ರಗಳ ಸದ್ದು ಹತ್ತಿರವಾಗಿ, ನಿಲ್ಲುತ್ತದೆ. ಆಮೇಲೆ ಕಂಬಿಯುದ್ದಕ್ಕೂ ಮರ ಉಜ್ಜುವ ಒಂದು ನೀಳ ಸದ್ದು. ಮತ್ತೆ ಚಕ್ರಗಳು ನೆಲಕ್ಕಿಳಿಯುತ್ತವೆ. ಅವಳು ಬಿದ್ದಿಲ್ಲ. ನನ್ನ ಕಣ್ಣೇ ತುಂಬಿಬಂತು, ಸುಳ್ಳೇಕೆ ಹೇಳಲಿ.

ಅಯೋರ್ಕೋರ್ ಹಲಗೆಯನ್ನು ತಂದು ಬೋರಲು ಇಡುತ್ತಾಳೆ. ಮೀನಿನ ಹೊಟ್ಟೆ ಪೂರ್ತಿ ಮಾಯ, ಬರೀ ಬಿಳಿ ಮರ. ಅವಳ ಹಿಂದೆಯೇ ಇಬ್ಬರು ತಮ್ಮ ಹಲಗೆಗಳನ್ನು ಮಾಡಿನ ಗೋಡೆಗೆ ಒರಗಿಸಿ ಹೋಗುತ್ತಾರೆ.

ಅತಾ ಕೋಟೇ ಬಗ್ಗಿ ನೋಡುತ್ತಾರೆ. "ಒಂಬತ್ತು ದಿನದ ಕೆಲಸ, ಒಂದೇ ಉಜ್ಜಿಗೆ ಹೋಯ್ತಲ್ಲೇ ಮಗಳೇ."

"ಎಲ್ಲಿ ಹೋಯ್ತಪ್ಪ, ತಲೆ, ಬಾಲ ಇನ್ನೂ ಇದೆ," ಅನ್ನುತ್ತಾರೆ ಲಾಮಿಲೇ. "ಸಂಜೆಯೊಳಗೆ ಜಾರಿ ಜಾರಿ ಅದೂ ಹೋದ್ರೆ ಸಾಕು ನಂಗೆ."