ಗುಂಡಿಗೆ ಇಳಿಯದ ಸೈದಪ್ಪ

ಕಾಮೋಠೆಯ ನಮ್ಮ ಸೊಸೈಟಿಗೆ ಪಂಪು ರಿಪೇರಿಯ ಸೈದಪ್ಪನ ಸ್ಕೂಟರ್ ಬಂದರೆ ಎಲ್ಲರಿಗಿಂತ ಹೆಚ್ಚು ಖುಷಿಯಾಗುವುದು ನನಗೆ. ಕಾರಣ, ನನ್ನದು ಗ್ರೌಂಡ್ ಫ್ಲೋರ್ ಮನೆ. ನಮ್ಮ ಕಟ್ಟಡ ರಸ್ತೆಯ ಗಟಾರದ ಪೈಪಿಗಿಂತ ತಗ್ಗಿನಲ್ಲಿದೆ. ಎಲ್ಲರ ಸಂಡಾಸು, ಬಚ್ಚಲಿನ ನೀರು ಪಾರ್ಕಿಂಗ್ ಮೂಲೆಯ ಆಳವಾದ ಗುಂಡಿಗೆ ಇಳಿಯುತ್ತದೆ. ಅದರೊಳಗೆ ಮುಳುಗಿ ಕೂತ ಪಂಪು ಅದನ್ನು ಎತ್ತಿ ರಸ್ತೆಯ ಪೈಪಿಗೆ ದಬ್ಬುತ್ತದೆ. ಪಂಪು ಮುನಿಸಿಕೊಂಡರೂ ಏಳನೇ ಮಹಡಿಯವರು ನಿಶ್ಚಿಂತೆಯಿಂದ ಫ್ಲಶ್ ಮಾಡುತ್ತಲೇ ಇರುತ್ತಾರೆ. ಅವರು ಕಳಿಸಿದ ಉಡುಗೊರೆಯೆಲ್ಲ ನನ್ನ ಬಚ್ಚಲಲ್ಲಿ ಉಕ್ಕುತ್ತದೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಸೈದಪ್ಪ ರಾಯಚೂರು ಕಡೆಯವನು. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರಲು ಬಂದವನು ಪಕ್ಕದ ಮೋಟರ್ ಅಂಗಡಿಯಲ್ಲಿ ಕಣ್ಣು ನೆಟ್ಟು ಕೆಲಸ ಕಲಿತ. ಈಗ ಮುಂಬ್ರಾದಲ್ಲಿ ಮನೆ, ಡೊಂಬಿವಲಿಯಿಂದ ಪನ್ವೇಲ್‌ವರೆಗೆ ಗಿರಾಕಿಗಳು. ಮಾತಿನ ಮಲ್ಲ. ಪಂಪನ್ನು ಮೇಲೆತ್ತಿ ಟಾರ್ಪಾಲಿನ ಮೇಲೆ ಮಲಗಿಸಿ, "ಏನ್ ತಿಂದೀಯವ್ವಾ, ಹೊಟ್ಟಿ ಕಟ್ಯದಲ್ಲ!" ಎಂದು ಮಾತಾಡಿಸುತ್ತಾನೆ. ಒಳಗಿನ ಚಕ್ರಕ್ಕೆ ಸುತ್ತಿಕೊಂಡ ಬಟ್ಟೆಯನ್ನು ಎಳೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುತ್ತಾನೆ: "ಈ ಬನೀನು ಯಾರದ್ರೀ? ನಾಚಬ್ಯಾಡ್ರಿ, ಬಂದು ಒಯ್ರಿ!"

ಆದರೆ ಒಂದು ವಿಷಯದಲ್ಲಿ ಅವನದು ಹಟವೆಂದರೆ ಹಟ. ಏನೇ ಆಗಲಿ, ಗುಂಡಿಗೆ ಇಳಿಯುವುದಿಲ್ಲ. ನಮ್ಮಲ್ಲಿ ಪಂಪು ಕೂರಿಸುವಾಗಲೇ ಎರಡು ಪೈಪು ನೆಟ್ಟಗೆ ನಿಲ್ಲಿಸಿ, ಸರಪಳಿ ಎಳೆದರೆ ಪಂಪು ಅವುಗಳ ಗುಂಟ ಜಾರಿಕೊಂಡು ತಾನಾಗಿ ಮೇಲೆ ಬರುವಂತೆ ಮಾಡಿದ್ದ. "ಪಂಪು ಮ್ಯಾಲ ಬರಬೇಕು, ಮನಷ್ಯಾ ಕೆಳಗ ಹೋಗಬಾರದು" ಎನ್ನುತ್ತಿದ್ದ. ಅವನ ಊರಿನ ಇಬ್ಬರು ಹೀಗೇ ಒಂದು ಗುಂಡಿಗೆ ಇಳಿದು, ಒಳಗಿನ ಗಾಳಿಗೆ ಉಸಿರು ಕಟ್ಟಿ ಜೀವ ಬಿಟ್ಟಿದ್ದರು. ಅವತ್ತು ಅವನ ಹೆಂಡತಿ ಚಂದ್ರಬಾಯಿ ತನ್ನ ತಾಳಿಯನ್ನು ಅವನ ಕೈಗಿಟ್ಟು, ಇನ್ನು ಯಾವ ಗುಂಡಿಗೂ ಇಳಿಯುವುದಿಲ್ಲವೆಂದು ಆಣೆ ಹಾಕಿಸಿಕೊಂಡಿದ್ದಳು.

ಹೋದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ನನ್ನ ಬಚ್ಚಲು ಮತ್ತೆ ಉಕ್ಕಿತು. ಫೋನಿನಲ್ಲಿ ನಾನು ಬೈದ ಬೈಗುಳಕ್ಕೆ ಸೈದಪ್ಪ ಹೆಂಡತಿಯನ್ನೂ ಕೂರಿಸಿಕೊಂಡೇ ಬಂದ. ತಾಳಿಯ ದಾರ ಸವೆದಿತ್ತಂತೆ. ಹೊಸದಾಗಿ ಪೋಣಿಸಿಕೊಳ್ಳಲು ಇಬ್ಬರೂ ಪನ್ವೇಲ್‌ಗೆ ಹೊರಟಿದ್ದರು. ಚಂದ್ರಬಾಯಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದಳು. ಗಂಡನ ಕೆಲಸ ನೋಡಿದ್ದು ಅದೇ ಮೊದಲು.

ಪಂಪು ಮೇಲೆ ಬಂತು. "ಇದು ಎಲ್ಲಿ ಕುಂದರ್ತದ್ರೀ?" ಎಂದು ಅವಳು ತೆರೆದ ಗುಂಡಿಯ ಮೇಲೆ ಬಗ್ಗಿದಳು. ಸವೆದ ದಾರ ಸರಪಳಿಯ ಕೊಂಡಿಗೆ ಸಿಕ್ಕಿತು. ಅವಳು ತಲೆ ಎತ್ತುವುದಕ್ಕೂ ದಾರ ಹರಿಯುವುದಕ್ಕೂ ಸರಿಹೋಯಿತು. ಕರಿಮಣಿ, ಚಿನ್ನದ ತಾಳಿ ಎಲ್ಲ ಗುಳಕ್ಕೆಂದು ಒಳಗೆ ಹೋದವು.

ಸೈದಪ್ಪ ನನ್ನ ಹಳೆಯ ಜರಡಿಯನ್ನು ಬಿದಿರಿಗೆ ಕಟ್ಟಿ ತಡಕಾಡಿದ. ಚಮಚ ಬಂತು, ಬಾಚಣಿಗೆ ಬಂತು, ಒಂದು ಪ್ಲಾಸ್ಟಿಕ್ ಆನೆಯೂ ಬಂತು. ತಾಳಿ ಬರಲಿಲ್ಲ. ಚಂದ್ರಬಾಯಿ ಬರಿಗೊರಳಿಗೆ ಸೆರಗು ಸುತ್ತಿಕೊಂಡು ಗೋಡೆಗೆ ಆತು ಕೂತಿದ್ದಳು. ನೋಡಿ ನನಗೇ ಅಳು ಬಂತು.

ಅಷ್ಟರಲ್ಲಿ ನಮ್ಮ ಸೆಕ್ರೆಟರಿ ಮುರಾರಿ ಬಂದರು. "ಅರೇ ಸೈದಪ್ಪ, ದೋ ಮಿನಟ್ ಕಾ ಕಾಮ್ ಹೈ. ಹಗ್ಗ ಕಟ್ಕೊಂಡು ಇಳಿದುಬಿಡು, ನಾವು ಹಿಡ್ಕೋತೀವಿ."

ನನಗೆ ಪಿತ್ತ ನೆತ್ತಿಗೇರಿತು. "ಅಷ್ಟು ಸುಲಭ ಅಂತಾದ್ರೆ ನೀವೇ ಇಳೀರಿ ಮಾರಾಯ್ರೆ, ನಾನು ಟಾರ್ಚ್ ಹಿಡೀತೇನೆ."

ಆದರೆ ಸೈದಪ್ಪ ಆಗಲೇ ಚಪ್ಪಲಿ ಕಳಚಿದ್ದ. ಹೆಂಡತಿಯ ಮುಖ ನೋಡಲಾರದೆ, "ತಾಳೀನೇ ಒಳಗ ಬಿದ್ದಮ್ಯಾಲ ಅದರ ಆಣಿ ಎಲ್ಲಿ ಉಳೀತು?" ಎಂದು ಗುಂಡಿಯ ಕಬ್ಬಿಣದ ಮೆಟ್ಟಿಲಿಗೆ ಕಾಲು ಚಾಚಿದ.

ಚಂದ್ರಬಾಯಿ ಎದ್ದು ಬಂದದ್ದೇ ತಿಳಿಯಲಿಲ್ಲ. ಎರಡೂ ಕೈಯಿಂದ ಅವನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಜಗ್ಗಿದಳು. ಅಂಗಿಯ ಬಟನ್ ಎರಡು ಕಿತ್ತುಹೋದವು.

"ಹೊಸಾ ತಾಳಿ ಪ್ಯಾಟ್ಯಾಗ ಸಿಗ್ತದ. ನೀವು ಯಾವ ಅಂಗಡ್ಯಾಗ ಸಿಗ್ತೀರಿ?"

ಸೈದಪ್ಪ ಕಾಲು ಹಿಂದಕ್ಕೆ ತೆಗೆದು ನೆಲದ ಮೇಲೆ ಕೂತುಬಿಟ್ಟ.

ನಾನು ಒಳಗೆ ಓಡಿ ಅರಿಶಿನದ ಕೊಂಬನ್ನೂ ಹೊಸ ದಾರವನ್ನೂ ತಂದೆ. ದಾರಕ್ಕೆ ಅರಿಶಿನ ಹಚ್ಚಿ, ನಡುವೆ ಕೊಂಬು ಕಟ್ಟಿದರೆ ತಾಳಿಯೇ ಆಯಿತಲ್ಲ. ಸೈದಪ್ಪ ಕಟ್ಟಲು ಬಂದರೆ ಚಂದ್ರಬಾಯಿ ಹಿಂದೆ ಸರಿದು, "ಮೊದ್ಲ ಸಾಬೂನು! ಮೊಣಕೈ ತನಕಾ!" ಎಂದಳು. ನನ್ನ ನಲ್ಲಿಯಲ್ಲಿ ಅರ್ಧ ಸಾಬೂನು ಕರಗಿಸಿ ಬಂದು ಅವನು ಮೂರು ಗಂಟು ಹಾಕಿದ. ಬಾಲ್ಕನಿಗಳಲ್ಲಿ ಜನ ನಿಂತಿದ್ದರು. ಏಳನೇ ಮಹಡಿಯವರು ಮೊದಲ ಬಾರಿಗೆ ಒಳ್ಳೆಯದೇನನ್ನೋ ಕೆಳಗೆ ಕಳಿಸಿದರು: ಒಂದು ಹಿಡಿ ಅಕ್ಕಿಕಾಳು. ಮುರಾರಿಯವರೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ನಾವೆಲ್ಲ ನಗುತ್ತಿದ್ದಾಗ ಚಂದ್ರಬಾಯಿ ಆ ಅರಿಶಿನದ ಕೊಂಬನ್ನು ಗಂಡನ ಅಂಗೈಗಿಟ್ಟಳು. "ಈಗ ಇದರ ಮ್ಯಾಲ ಆಣಿ ಹಾಕ್ರಿ." ಅವನು ಶಾಲೆಯ ಹುಡುಗನಂತೆ ನಿಂತು ಆಣೆ ಹಾಕಿದ.

ಅವತ್ತು ಪಂಪನ್ನು ಇಳಿಸುವ ಮುಂಚೆ ಸೈದಪ್ಪ ಅದರ ಸುತ್ತ ಒಂದು ಕಬ್ಬಿಣದ ಜಾಲಿಯ ಬುಟ್ಟಿ ಕಟ್ಟಿದ. ಪಂಪು ಎಳೆದಾಗ ತಳದ ಕಸವೂ ನೀರಿನ ಜೊತೆ ಬುಟ್ಟಿಯ ಬಾಯಿಗೆ ಬರುತ್ತದೆ; ನೀರಷ್ಟೇ ಪಂಪಿನೊಳಗೆ ಹೋಗಬೇಕು, ಗಟ್ಟಿ ವಸ್ತು ಬುಟ್ಟಿಯಲ್ಲೇ ಉಳಿಯಬೇಕು. ಆಮೇಲೆ ನನ್ನ ಬಚ್ಚಲು ಉಕ್ಕಿದ್ದೇ ಇಲ್ಲ.

ಮಳೆಗಾಲದ ಮುಂಚೆ ಸರ್ವಿಸಿಗೆ ಬಂದು ಸರಪಳಿ ಎಳೆದ. ನಾನು ಮೂಗಿಗೆ ಸೆರಗು ಒತ್ತಿಕೊಂಡು ಪಕ್ಕದಲ್ಲೇ ನಿಂತಿದ್ದೆ. ಬುಟ್ಟಿಯ ತಳದಲ್ಲಿ, ಕೂದಲು, ಚಿಂದಿಗಳ ಸಿಕ್ಕಿನ ನಡುವೆ ನಾಲ್ಕಾರು ಕರಿಮಣಿ ಕಂಡವು. ಜೊತೆಗೇ ತಾಳಿ. ಸೈದಪ್ಪ ಕುಣಿದಾಡಿಬಿಟ್ಟ. ಕೈಗವಸು ಕಿತ್ತೆಸೆದು, ಫೋನ್ ಸ್ಪೀಕರಿಗೆ ಹಾಕಿ ಕೂಗಿದ: "ಲೇ ಚಂದ್ರಾ, ತಾಳಿ ಸಿಕ್ತು! ನಿನ್ನ ತಾಳಿ ಸಿಕ್ತು!"

ಆ ಕಡೆಯಿಂದ ಚಂದ್ರಬಾಯಿಯ ದನಿ ಬಂತು:

"ಖರೇ ಹೇಳ್ರಿ. ಒಳಗ ಇಳದ್ರೇನು?"

"ಇಲ್ಲಲೇ, ಬುಟ್ಟ್ಯಾಗ ಬಂತು!"

"ಮುಕ್ತಕ್ಕಾರ ಕೈಯಾಗ ಫೋನ್ ಕೊಡ್ರಿ."

ಫೋನ್ ನನ್ನ ಕೈಗೆ ಬಂತು. "ಇಲ್ಲ ಮಾರಾಯ್ತಿ, ಇಳೀಲಿಲ್ಲ. ನಾನೇ ನಿಂತು ನೋಡಿದ್ದೇನೆ" ಎಂದೆ.

ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಹಂಗಾದ್ರ ಚಲೋತ್ನಂಗ ತೊಳದು ತರಾಕ ಹೇಳ್ರಿ" ಎಂದಳು.